ಸಂಸಾರ ಗುಟ್ಟು, ವ್ಯಾಧಿ ರಟ್ಟು

ನಮ್ಮಲ್ಲಿ ಎರಡು ಗಾದೆಗಳಿವೆ. ಒಂದು, "ತಾಳಿದವನು ಬಾಳಿಯಾನು". ಇನ್ನೊಂದು, "ಸಂಸಾರ ಗುಟ್ಟು, ವ್ಯಾಧಿ ರಟ್ಟು". ಎರಡನ್ನೂ ಶಾಲೆಯಲ್ಲಿ ವಿಸ್ತರಿಸಿ ಬರೆದಿದ್ದೇವೆ, ಎರಡಕ್ಕೂ ಗುರುಗಳು ಅಂಕ ಕೊಟ್ಟಿದ್ದಾರೆ. ಮೊದಲನೆಯದು ನೋವನ್ನು ನುಂಗಿಕೊಂಡಿರು ಅನ್ನುತ್ತದೆ. ಎರಡನೆಯದು, ಮನೆಯ ಮಾತು ಮನೆಯೊಳಗಿರಲಿ, ರೋಗ ಬಂದರೆ ಮಾತ್ರ ನಾಲ್ಕು ಮಂದಿಗೆ ಹೇಳು, ಯಾರಿಗೆ ಯಾವ ಔಷಧಿ ಗೊತ್ತಿದೆಯೋ ಅನ್ನುತ್ತದೆ. ಸಾಮಾನ್ಯ ದಿನಗಳಲ್ಲಿ ಈ ಎರಡು ಗಾದೆಗಳು ಜಗಳವಾಡುವುದಿಲ್ಲ. ಆದರೆ ಕೆಲವು ರೋಗಗಳಲ್ಲಿ ಒಂದು ಗಾದೆ ಹಿಡಿದರೆ ಇನ್ನೊಂದನ್ನು ಬಿಡಬೇಕಾಗುತ್ತದೆ. ಸ್ತನ ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುವ ಹೆಣ್ಣುಮಗಳ ಪಾಡು ಅಂಥದ್ದು.

ಮೈಯಲ್ಲಿ ಏನೇನೋ ಆಗುತ್ತಿರುತ್ತದೆ. ಕೇಳಿದವರಿಗೆಲ್ಲ ಆಕೆ ಕೊಡುವ ಉತ್ತರ ಒಂದೇ: "ಏನಿಲ್ಲ ಬಿಡ್ರಿ, ಸ್ವಲ್ಪ ಸುಸ್ತ ಅಷ್ಟ." ಇದನ್ನು ಕೇಳಿ ನಾವು, "ಎಷ್ಟ ಗಟ್ಟಿ ಹೆಣ್ಣಮಗಳು ನೋಡ್ರಿ, ಒಂದ ದಿನ ಬಾಯಿ ಬಿಟ್ಟು ಅಯ್ಯೋ ಅಂದಿಲ್ಲ" ಅಂತ ಹೊಗಳುತ್ತೇವೆ. ಹಾಗೆ ಹೊಗಳುವುದು ಸರಿಯೇ? ಆಕೆಯ ಮೌನ ಗುಣವೋ, ಅಥವಾ ನಾವೇ ಹೊರಿಸಿದ ಹೊರೆಯೋ? ಇದು ವೈದ್ಯರು ಮಾತ್ರ ಬಿಡಿಸುವ ಪ್ರಶ್ನೆ ಅಲ್ಲ. ಹೀಗೆ ಬದುಕಬೇಕು, ಹಾಗೆ ಬದುಕಬಾರದು ಅಂತ ಮಕ್ಕಳಿಗೆ ಹೇಳಿಕೊಡುವ ನಮ್ಮೆಲ್ಲರ ಪ್ರಶ್ನೆ.

ರೋಗ ದೂರದ್ದೇನೂ ಅಲ್ಲ. 2022ರಲ್ಲಿ ಭಾರತದಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಬಂದ ಹೆಂಗಸರು ಸುಮಾರು 1 ಲಕ್ಷ 92 ಸಾವಿರ ಅಂತ ಜಾಗತಿಕ ಅಂದಾಜು ಹೇಳುತ್ತದೆ. ನಮ್ಮ ದೇಶದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. ಗೋವಾದಲ್ಲಿ 2021ರಲ್ಲಿ ಸರ್ಕಾರ, ಕ್ರಿಕೆಟ್ ಆಟಗಾರ ಯುವರಾಜ್ ಸಿಂಗ್ ಅವರ ಯೂವೀಕ್ಯಾನ್ ಸಂಸ್ಥೆಯ ಜೊತೆಗೂಡಿ "ಸ್ವಸ್ಥ ಮಹಿಳಾ, ಸ್ವಸ್ಥ ಗೋವಾ" ಅಂತ ಒಂದು ಕಾರ್ಯಕ್ರಮ ಶುರು ಮಾಡಿತು. ಒಂದು ಲಕ್ಷ ಹೆಂಗಸರ ಎದೆಯ ತಪಾಸಣೆ ಮಾಡುವ ಗುರಿ ಅದರದ್ದು. ಗಂಟು ಬೇಗ ಸಿಕ್ಕರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. ಇದು ಈಗ ಬಹಳ ಜನಕ್ಕೆ ಗೊತ್ತಾಗಿದೆ. ಗಂಟು ಸಿಕ್ಕ ಮೇಲೆ ನಡೆಯುವ ತಿಂಗಳುಗಟ್ಟಲೆ ಚಿಕಿತ್ಸೆಯ ಬಗ್ಗೆ ಮಾತ್ರ ನಮ್ಮ ಮನೆಗಳಲ್ಲಿ ಅಷ್ಟು ಮಾತಿಲ್ಲ.

ಗೋವಾದ ಕನ್ನಡಿಗರ ಬದುಕನ್ನು ಬಲ್ಲವರಿಗೆ ಇದರ ಕಷ್ಟ ಬೇಗ ತಿಳಿಯುತ್ತದೆ. ವಾಸ್ಕೋದ ಬೈನಾ, ಝುವಾರಿನಗರ, ಮಡಗಾಂವ, ಮಾಪುಸಾ, ಎಲ್ಲಿ ಹೋದರೂ ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ಹಾವೇರಿ ಕಡೆಯ ಮಾತು ಕಿವಿಗೆ ಬೀಳುತ್ತದೆ. ಗಂಡ ಗೌಂಡಿ ಕೆಲಸಕ್ಕೆ, ಹೆಂಡತಿ ನಾಲ್ಕು ಮನೆಯ ಪಾತ್ರೆ ತಿಕ್ಕುವುದಕ್ಕೆ. ಅಂಥ ಮನೆಯ ಹೆಣ್ಣುಮಗಳಿಗೆ ರೋಗ ಬಂತು ಅಂದುಕೊಳ್ಳಿ. ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹೋಗಬೇಕು. 1842ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಪಣಜಿಯಲ್ಲಿ ಶುರುವಾದ ವೈದ್ಯಶಾಲೆಯೇ ಬೆಳೆದು ಇವತ್ತಿನ ಈ ಆಸ್ಪತ್ರೆ ಆಗಿದೆ. ಇಲ್ಲವೆಂದರೆ ಲೋಂಡಾ ದಾಟಿ ಹುಬ್ಬಳ್ಳಿಗೆ, ನವನಗರದ ಕ್ಯಾನ್ಸರ್ ಆಸ್ಪತ್ರೆಗೆ. ಅಲ್ಲೂ ಆಗದಿದ್ದರೆ ಬೆಂಗಳೂರಿನ ಕಿದ್ವಾಯಿಗೆ. ಎಲ್ಲಿ ಹೋದರೂ ಸಲೈನ್ ಹಚ್ಚಿ ಔಷಧಿ ಹರಿಸುವುದು ಕೆಲವು ತಾಸು. ಆಮೇಲೆ ಮನೆಗೆ ಕಳಿಸುತ್ತಾರೆ. ಮುಂದಿನ ಸರದಿ ಬರುವುದು ವಾರಕ್ಕೋ, ಎರಡು ವಾರಕ್ಕೋ, ಮೂರು ವಾರಕ್ಕೋ. ಔಷಧಿಯ ನಿಜವಾದ ಆಟ ಶುರುವಾಗುವುದು ಈ ನಡುವಿನ ದಿನಗಳಲ್ಲಿ. ಆಗ ಡಾಕ್ಟರು ಹತ್ತಿರ ಇರುವುದಿಲ್ಲ, ನಾವು ಇರುತ್ತೇವೆ.

ಅದಕ್ಕೇ ಔಷಧಿ ಏನು ಮಾಡುತ್ತದೆ ಅನ್ನುವುದನ್ನು ನಾವೂ ಸ್ವಲ್ಪ ತಿಳಿದಿರಬೇಕು. ಕೀಮೋ ಔಷಧಿಗಳ ಹುಟ್ಟೇ ವಿಷದಿಂದ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಸಾಸಿವೆ ಅನಿಲದ ಜಾತಿಯ ರಾಸಾಯನಿಕವನ್ನು 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಒಬ್ಬ ಕ್ಯಾನ್ಸರ್ ರೋಗಿಗೆ ಕೊಟ್ಟು ನೋಡಿದರು. ಇಂದು ಸ್ತನ ಕ್ಯಾನ್ಸರಿಗೆ ಕೊಡುವ ಸೈಕ್ಲೋಫಾಸ್ಫಮೈಡ್ ಅದೇ ವಂಶದ್ದು. ಕೆಂಪು ಬಣ್ಣದ ಡಾಕ್ಸೋರುಬಿಸಿನ್ ಇಟಲಿಯ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯ ಕುಲದಿಂದ ಬಂದದ್ದು. ಪ್ಯಾಕ್ಲಿಟ್ಯಾಕ್ಸೆಲ್ ಮೊದಲು ಸಿಕ್ಕಿದ್ದು ಅಮೆರಿಕದ ಒಂದು ಮರದ ತೊಗಟೆಯಲ್ಲಿ. ಇವುಗಳ ಕೆಲಸ ಹೆಚ್ಚುಕಡಿಮೆ ಒಂದೇ. ಬೇಗ ಬೇಗ ಒಡೆದು ಬೆಳೆಯುವ ಜೀವಕೋಶಗಳನ್ನು ಕೊಲ್ಲುವುದು. ಕ್ಯಾನ್ಸರಿನ ಕೋಶಗಳು ಹಾಗೆ ಬೆಳೆಯುತ್ತವೆ. ಆದರೆ ಕೂದಲಿನ ಬುಡ, ಬಾಯಿಯ ಒಳಪೊರೆ, ಕರುಳು, ಎಲುಬಿನೊಳಗೆ ರಕ್ತ ತಯಾರಾಗುವ ಮಜ್ಜೆ, ಇವೂ ಹಾಗೇ ಬೆಳೆಯುತ್ತವೆ. ಕಳೆ ಸಾಯಲಿ ಅಂತ ಹೊಡೆದ ಎಣ್ಣೆ ಬೆಳೆಗೂ ತಾಗುವುದನ್ನು ರೈತರು ನೋಡಿಲ್ಲವೇ? ಕಳೆ ಏಳುವ ಮೊದಲು ಬೆಳೆ ಚೇತರಿಸಿಕೊಳ್ಳಲಿ ಅಂತಲೇ ಸರದಿಗಳ ನಡುವೆ ಬಿಡುವು ಕೊಡುತ್ತಾರೆ.

ಹಾಗಾಗಿ ತೊಂದರೆಗಳು ಬರುತ್ತವೆ. ಹೊಟ್ಟೆ ತೊಳಸುತ್ತದೆ, ವಾಂತಿ ಆಗುತ್ತದೆ. ಒಗ್ಗರಣೆಯ ವಾಸನೆಗೇ ವಾಕರಿಕೆ ಬರುತ್ತದೆ. ಬಾಯಿ ರುಚಿ ಕೆಡುತ್ತದೆ, ನೀರು ಕೂಡ ಕಬ್ಬಿಣ ನೆಕ್ಕಿದ ಹಾಗೆ. ಬಾಯಿಹುಣ್ಣಾಗಿ ರೊಟ್ಟಿ ಮುರಿದು ಬಾಯಿಗೆ ಇಟ್ಟರೆ ಕಣ್ಣಲ್ಲಿ ನೀರು. ಮಲಬದ್ಧತೆ, ಇಲ್ಲವೆಂದರೆ ಭೇದಿ. ಎರಡು ಮೂರು ವಾರದಲ್ಲಿ ತಲೆಗೂದಲು ಬಾಚಣಿಗೆಗೆ ಗುಂಪುಗುಂಪಾಗಿ ಬರುತ್ತದೆ, ಹುಬ್ಬೂ ರೆಪ್ಪೆಯೂ ಉದುರಬಹುದು. ಉಗುರು ಕಪ್ಪಾಗುತ್ತದೆ. ಬೆರಳ ತುದಿ, ಅಂಗಾಲು ಜೋಮು ಹಿಡಿಯುತ್ತದೆ. ಕಾಲಿಂದ ಚಪ್ಪಲಿ ಕಳಚಿ ಬಿದ್ದರೂ ತಿಳಿಯುವುದಿಲ್ಲ, ಹೆಂಚು ಸುಟ್ಟದ್ದು ತಡವಾಗಿ ಗೊತ್ತಾಗುತ್ತದೆ. ಮುಟ್ಟು ನಿಲ್ಲುತ್ತದೆ. ಇದ್ದಕ್ಕಿದ್ದಂತೆ ಮೈಗೆಲ್ಲ ಝಳ ಹೊಡೆದು ಬೆವರುತ್ತದೆ. ನಿದ್ದೆ ಬರುವುದಿಲ್ಲ. ಇಟ್ಟ ವಸ್ತು ಎಲ್ಲಿಟ್ಟೆ ಅಂತ ನೆನಪಾಗುವುದಿಲ್ಲ. ಕಾರಣವಿಲ್ಲದೆ ಅಳು ಬರುತ್ತದೆ. ಎಲ್ಲಕ್ಕಿಂತ ಮೇಲೆ, ಒಂದು ತರದ ದಣಿವು. ಅದು ಹೊಲದ ದಣಿವಿನಂತಲ್ಲ. ಹೊಲದ ದಣಿವು ರಾತ್ರಿ ಮಲಗಿದರೆ ಇಳಿಯುತ್ತದೆ, ಈ ದಣಿವು ಮಲಗಿ ಎದ್ದರೂ ಇಳಿಯುವುದಿಲ್ಲ. ಎಲ್ಲರಿಗೂ ಎಲ್ಲವೂ ಆಗುವುದಿಲ್ಲ. ಕೆಲವರಿಗೆ ಬಹಳ, ಕೆಲವರಿಗೆ ಕಡಿಮೆ. ಹೆಚ್ಚು ತ್ರಾಸಾದರೆ ಔಷಧಿ ಹೆಚ್ಚು ಹತ್ತಿದೆ ಅನ್ನುವುದೂ ಸುಳ್ಳು, ತ್ರಾಸಾಗದಿದ್ದರೆ ಹತ್ತಿಲ್ಲ ಅನ್ನುವುದೂ ಸುಳ್ಳು. ಈ ತಪ್ಪು ತಿಳುವಳಿಕೆಯಿಂದಲೇ ಎಷ್ಟೋ ಜನ, "ನೋವು ಆದಷ್ಟೂ ಚಲೋ, ರೋಗ ಹೋಗ್ತೈತಿ" ಅಂತ ಕಷ್ಟವನ್ನು ವ್ರತದಂತೆ ಹಿಡಿಯುತ್ತಾರೆ.

ಈಗ ತಾಳ್ಮೆಯ ಮಾತಿಗೆ ಬರೋಣ. ಮೇಲಿನ ಪಟ್ಟಿಯಲ್ಲಿ ಕೆಲವನ್ನು ತಾಳಲೇಬೇಕು, ಬೇರೆ ದಾರಿಯಿಲ್ಲ. ಉದುರುವ ಕೂದಲನ್ನು ಬೈದು ನಿಲ್ಲಿಸಲಾಗುವುದಿಲ್ಲ. ಅದು ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಮತ್ತೆ ಬರುತ್ತದೆ. ಅಲ್ಲಿಯ ತನಕ ಕಾಯುವುದೇ ತಾಳ್ಮೆ. ಅಂಥ ತಾಳ್ಮೆಗೆ ಕೈ ಮುಗಿಯಬೇಕು. ಕೆಲವನ್ನು ತಾಳುವ ಅಗತ್ಯವೇ ಇಲ್ಲ. ವಾಂತಿಗೆ ಹಿಂದಿನ ಕಾಲದಲ್ಲಿ ಒಳ್ಳೆಯ ಉಪಾಯ ಇರಲಿಲ್ಲ. 1990ರ ಆಸುಪಾಸಿನಲ್ಲಿ ಒಂದಾನ್‌ಸೆಟ್ರಾನ್‌ನಂಥ ಔಷಧಿ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಒಂದು ಮಾತ್ರೆ ಸಾಲದಿದ್ದರೆ ಇನ್ನೊಂದು ಇದೆ. ಆದರೆ ಸಾಲುತ್ತಿಲ್ಲ ಅಂತ ಆಕೆ ಹೇಳಿದರೆ ತಾನೇ ಡಾಕ್ಟರು ಬದಲಿಸುವುದು? ಅಳದ ಕೂಸಿಗೆ ತಾಯಿಯೂ ಹಾಲು ಕೊಡುವುದಿಲ್ಲ ಅನ್ನುವ ಮಾತು ಇಲ್ಲಿ ಅಕ್ಷರಶಃ ನಿಜ.

ಮೂರನೆಯ ಬಗೆ ಇದೆ. ಅದನ್ನು ತಾಳಿದರೆ ಜೀವಕ್ಕೇ ಅಪಾಯ. ಔಷಧಿ ಹರಿಸಿದ ಸುಮಾರು ಒಂದರಿಂದ ಎರಡು ವಾರದ ನಡುವೆ ರಕ್ತದ ಬಿಳಿಕಣಗಳು ಸಾಮಾನ್ಯವಾಗಿ ಬಹಳ ಕಡಿಮೆ ಆಗುತ್ತವೆ. ಬಿಳಿಕಣ ಅಂದರೆ ಮೈಯ ಕಾವಲುಗಾರರು. ಕಾವಲಿಲ್ಲದ ಹೊತ್ತಿನಲ್ಲಿ ಸಣ್ಣ ಸೋಂಕು ಕೂಡ ತಾಸುಗಳಲ್ಲಿ ಮೈಯೆಲ್ಲ ಹರಡಬಹುದು. ಹೊರಗೆ ಕಾಣುವ ಗುರುತು ಒಂದೇ ಇರಬಹುದು: ಜ್ವರ. 100.4 ಡಿಗ್ರಿ ಅಥವಾ ಮೇಲೆ ಹೋದರೆ, ರಾತ್ರಿ ಹನ್ನೆರಡು ಗಂಟೆ ಆಗಿದ್ದರೂ ಆಸ್ಪತ್ರೆಗೆ ಹೋಗಬೇಕು. ಡಾಕ್ಟರಿಗೆ ಕೇಳದೆ ಜ್ವರದ ಗುಳಿಗೆ ನುಂಗಿದರೆ ಜ್ವರ ಇಳಿದ ಹಾಗೆ ಕಂಡು, ಒಳಗಿನ ಸೋಂಕು ಹಾಗೇ ಉಳಿಯುತ್ತದೆ. "ಮೈ ಸ್ವಲ್ಪ ಬೆಚ್ಚಗೈತಿ, ಮುಂಜಾನೆ ನೋಡೋಣ" ಅನ್ನುವ ತಾಳ್ಮೆ ಇಲ್ಲಿ ತಾಳ್ಮೆಯೇ ಅಲ್ಲ. ನಡೆದರೆ ಉಸಿರು ಕಟ್ಟುವುದು, ಕಾಲು ಬಾವು ಬರುವುದು, ನೀರೂ ಹೊಟ್ಟೆಯಲ್ಲಿ ನಿಲ್ಲದಿರುವುದು, ಇವೂ ಇದೇ ಸಾಲಿನವು. ಬೆರಳಿನ ಜೋಮನ್ನೂ ಬೇಗ ಹೇಳಬೇಕು. ಬೇಗ ಹೇಳಿದರೆ ಔಷಧಿಯ ಪ್ರಮಾಣ ಬದಲಿಸಬಹುದು, ತಡವಾದರೆ ಜೋಮು ವರ್ಷಗಟ್ಟಲೆ ಉಳಿಯಬಹುದು.

ಇಲ್ಲಿ ಒಂದು ಸೂಕ್ಷ್ಮ ಇದೆ. ತಾಳಬಹುದಾದದ್ದು ಯಾವುದು, ತಾಳಬಾರದ್ದು ಯಾವುದು ಅಂತ ಗೊತ್ತಿದ್ದರೆ ತಾಳ್ಮೆ ಒಂದು ಗುಣ. ಗೊತ್ತಿಲ್ಲದೆ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ನುಂಗಿದರೆ ಅದು ಕಣ್ಣುಕಟ್ಟಿ ನಡೆದ ಹಾಗೆ. ಯಾವುದು ಯಾವುದು ಅಂತ ವಿಂಗಡಿಸುವುದು ರೋಗಿ ಒಬ್ಬಳ ಕೈಲಾಗುವ ಕೆಲಸ ಅಲ್ಲ. ಹೇಳಿದ ಮೇಲೆ ತಾನೇ ವಿಂಗಡಣೆ? ಹಾಗಾಗಿ ಹೇಳುವುದು ತಾಳ್ಮೆಗೆ ವಿರೋಧ ಅಲ್ಲ. ಹೇಳಿದ ಮೇಲೆ ಉಳಿದದ್ದನ್ನು ತಾಳುವುದೇ ನಿಜವಾದ ತಾಳ್ಮೆ.

ಇದಕ್ಕೆ ಆಧಾರವೂ ಇದೆ. ನ್ಯೂಯಾರ್ಕಿನ ಒಂದು ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಈಥನ್ ಬಾಶ್ ಅನ್ನುವ ವೈದ್ಯರು ಮತ್ತು ಜೊತೆಗಾರರು ಒಂದು ಅಧ್ಯಯನ ಮಾಡಿದರು. ಕ್ಯಾನ್ಸರ್ ಮೈಯಲ್ಲಿ ಹರಡಿದ್ದ, ಕೀಮೋ ತೆಗೆದುಕೊಳ್ಳುತ್ತಿದ್ದ 766 ಜನ ರೋಗಿಗಳು, ಅವರಲ್ಲಿ ಸ್ತನ ಕ್ಯಾನ್ಸರಿನವರೂ ಇದ್ದರು. ಒಂದು ಗುಂಪಿನವರಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿನವರು ಅದರ ಜೊತೆಗೆ ವಾಂತಿ, ನೋವು, ದಣಿವು, ಉಸಿರಾಟ ಹೀಗೆ 12 ತೊಂದರೆಗಳು ಹೇಗಿವೆ ಅಂತ ಆಗಾಗ ಕಂಪ್ಯೂಟರಿನಲ್ಲಿ ಗುರುತು ಹಾಕಬೇಕು. ತೊಂದರೆ ಹೆಚ್ಚಾದರೆ ನರ್ಸಿಗೆ ಸುದ್ದಿ ಹೋಗುತ್ತದೆ. ಅಷ್ಟೇ ವ್ಯತ್ಯಾಸ. 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ಎಂದಿನ ಚಿಕಿತ್ಸೆಯವರಲ್ಲಿ ಅರ್ಧದಷ್ಟು ಜನ ಬದುಕಿದ್ದ ಅವಧಿ 26 ತಿಂಗಳು, ಹೇಳುತ್ತಾ ಬಂದವರಲ್ಲಿ 31 ತಿಂಗಳು. ಐದು ತಿಂಗಳ ಆಯುಷ್ಯ ಬಂದದ್ದು ಹೊಸ ಔಷಧಿಯಿಂದಲ್ಲ, ಆದದ್ದನ್ನು ಆದ ಹಾಗೆ ಹೇಳಿದ್ದರಿಂದ, ಹೇಳಿದ್ದನ್ನು ಒಬ್ಬರು ಕೇಳಿಸಿಕೊಂಡಿದ್ದರಿಂದ. ಇನ್ನೊಂದು ಮಾತು. "ತ್ರಾಸ ಆಗ್ತೈತಿ ಅಂದ್ರ ಔಷಧಿ ನಿಲ್ಲಸ್ತಾರೇನೋ" ಅನ್ನುವ ಹೆದರಿಕೆ ಬಹಳ ಜನರಲ್ಲಿದೆ. ಆ ಅಧ್ಯಯನದಲ್ಲಿ ತೊಂದರೆ ಹೇಳಿಕೊಂಡವರೇ ಹೆಚ್ಚು ತಿಂಗಳು ಕೀಮೋ ತೆಗೆದುಕೊಳ್ಳಲು ಶಕ್ತರಾಗಿದ್ದರು.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ, ಅದನ್ನು ಸುಲಭವಾಗಿ ತಳ್ಳಿಹಾಕಬಾರದು. ಆಕೆ ಮುಚ್ಚಿಡುವುದು ಸೊಕ್ಕಿನಿಂದಲ್ಲ, ಪ್ರೀತಿಯಿಂದ. ಗಂಡ ಕೆಲಸಕ್ಕೆ ಹೋಗುವುದು ತಪ್ಪಬಾರದು, ಮಗಳ ಪರೀಕ್ಷೆ ಕೆಡಬಾರದು, ಊರಲ್ಲಿರುವ ಅವ್ವ ಎದೆ ಒಡೆದುಕೊಳ್ಳಬಾರದು. ಇನ್ನೊಬ್ಬರ ನೆಮ್ಮದಿಗಾಗಿ ತನ್ನ ನೋವು ನುಂಗುವುದು ದೊಡ್ಡ ಗುಣ ಅಲ್ಲವೇ?

ಈ ಮಾತಿಗೆ ನನಗೆ ಕರ್ಣನ ಕಥೆ ನೆನಪಾಗುತ್ತದೆ. ಸಮುದ್ರವನ್ನು ಹಿಂದೆ ಸರಿಸಿ ಈ ಕೊಂಕಣ, ಗೋವಾದ ನೆಲವನ್ನು ಪಡೆದವನು ಅಂತ ಇಲ್ಲಿಯ ಜನ ಹೇಳುವ ಪರಶುರಾಮನೇ ಕರ್ಣನ ಗುರು. ಗುರು ಶಿಷ್ಯನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಗ ಒಂದು ಹುಳ ಕರ್ಣನ ತೊಡೆ ಕೊರೆಯಿತು. ಗುರುವಿನ ನಿದ್ದೆ ಕೆಡಬಾರದು ಅಂತ ಕರ್ಣ ಅಲುಗಾಡಲಿಲ್ಲ. ಬಯಲಾಟದಲ್ಲಿ, ಯಕ್ಷಗಾನದಲ್ಲಿ ಈ ಪ್ರಸಂಗ ಬಂದಾಗ ನಮ್ಮ ಕಣ್ಣು ತುಂಬುತ್ತದೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಹರಿದ ರಕ್ತ ತಾಗಿ ಗುರು ಎದ್ದೇ ಎದ್ದ. ನಿದ್ದೆಯೂ ಉಳಿಯಲಿಲ್ಲ, ತೊಡೆಯೂ ಉಳಿಯಲಿಲ್ಲ, ಮೇಲೆ ಶಾಪ ಬೇರೆ ಸಿಕ್ಕಿತು. ಕರ್ಣನ ಪ್ರೀತಿ ಸುಳ್ಳಲ್ಲ, ತಾಳ್ಮೆಯೂ ಸುಳ್ಳಲ್ಲ. ಆದರೆ ಯಾರ ನೆಮ್ಮದಿಗಾಗಿ ತಾಳಿದನೋ ಅವನಿಗೇ ಅದು ದಕ್ಕಲಿಲ್ಲ. ಮನೆಯಲ್ಲೂ ಹಾಗೇ ಆಗುತ್ತದೆ. ಎರಡು ದಿನದ ಜ್ವರವನ್ನು ಮನೆಯವರ ನೆಮ್ಮದಿಗಾಗಿ ಮುಚ್ಚಿಟ್ಟರೆ, ಮೂರನೆಯ ದಿನ ಆ ನೆಮ್ಮದಿ ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಲ್ಲಿ ಒಡೆಯುತ್ತದೆ. ಆಗ ಗಂಡನ ಕೆಲಸವೂ ತಪ್ಪುತ್ತದೆ, ಮಗಳ ಪರೀಕ್ಷೆಯೂ ಕೆಡುತ್ತದೆ. ಪ್ರೀತಿ ಇದ್ದರೆ ಸಾಲದು, ಆ ಪ್ರೀತಿ ಏನನ್ನು ಉಳಿಸುತ್ತದೆ ಅಂತಲೂ ನೋಡಬೇಕು.

ಹಾಗಾದರೆ ಹೆಂಗಸರಿಗೆ "ಮುಚ್ಚಿಡಬೇಡಿ, ಹೇಳಿ" ಅಂತ ಉಪದೇಶ ಮಾಡಿದರೆ ಆಯಿತೇ? ಇಲ್ಲ. ಇಲ್ಲಿಯೇ ನಮ್ಮ ಎರಡನೆಯ ಗಾದೆಯನ್ನು ಗಮನವಿಟ್ಟು ನೋಡಬೇಕು. ವ್ಯಾಧಿ ರಟ್ಟು, ಸರಿ. ಆದರೆ ಸಂಸಾರ ಗುಟ್ಟು. ಎದೆ, ಕೂದಲು, ಮುಟ್ಟು, ಗಂಡ ಹೆಂಡತಿಯ ಹಾಸಿಗೆ, ಇವೆಲ್ಲ ನಮ್ಮ ಲೆಕ್ಕದಲ್ಲಿ ಯಾವ ಕಡೆ ಬರುತ್ತವೆ? ಸಂಸಾರದ ಕಡೆ. ಕಾಲಿಗೆ ಮುಳ್ಳು ಚುಚ್ಚಿದರೆ ಅದು ವ್ಯಾಧಿ, ಬೀದಿಯಲ್ಲಿ ನಿಂತು ಹೇಳಬಹುದು. ಎದೆಯಲ್ಲಿ ಗಂಟಾದರೆ ಅದು ಮೊದಲು ಗುಟ್ಟು, ಆಮೇಲೆ ವ್ಯಾಧಿ. ಈ ರೋಗದ ದೊಡ್ಡ ಸಂಕಟ ಇದು. ವ್ಯಾಧಿಯೇ ಸಂಸಾರದ ಗುಟ್ಟಿನೊಳಗೆ ಹೋಗಿ ಕುಳಿತುಬಿಟ್ಟಿದೆ.

ಕೂದಲಿನ ಮಾತನ್ನೇ ನೋಡಿ. ಹರಕೆ ಹೊತ್ತು ತಿರುಪತಿಯಲ್ಲಿ ಹೆಂಗಸರೂ ಮುಡಿ ಕೊಟ್ಟು ಬರುತ್ತಾರೆ. ಆ ಬೋಳುತಲೆಗೆ ನಾವು ಕೈ ಮುಗಿಯುತ್ತೇವೆ, ಪ್ರಸಾದ ಬೇಡುತ್ತೇವೆ. ಅದೇ ಬೋಳುತಲೆ ಆಸ್ಪತ್ರೆಯಿಂದ ಬಂದರೆ ಆಕೆ ಮನೆಯೊಳಗೂ ಸೆರಗು ತೆಗೆಯುವುದಿಲ್ಲ. ಗಂಡ ಸತ್ತವಳ ತಲೆ ಬೋಳಿಸುತ್ತಿದ್ದ ಹಳೆಯ ಕ್ರೂರ ಪದ್ಧತಿ ಹೋಗಿ ಎಷ್ಟೋ ಕಾಲವಾಯಿತು, ಅದರ ನೆರಳು ಹೋಗಿಲ್ಲ. ಕೂದಲಿಲ್ಲದ ಹೆಂಗಸು ಶುಭಕಾರ್ಯಕ್ಕೆ ಬರಬೇಕೋ ಬೇಡವೋ ಅಂತ ಗುಸುಗುಸು ಮಾತಾಡುವವರು ಇನ್ನೂ ಇದ್ದಾರೆ. ಯುವರಾಜ್ ಸಿಂಗ್ 2011ರ ವಿಶ್ವಕಪ್ ಗೆಲ್ಲಿಸಿ, 2012ರಲ್ಲಿ ಅಮೆರಿಕದಲ್ಲಿ ಕೀಮೋ ತೆಗೆದುಕೊಂಡಾಗ ಅವರ ಬೋಳುತಲೆಯ ಚಿತ್ರವನ್ನು ದೇಶವೇ ನೋಡಿತು, ಧೈರ್ಯಶಾಲಿ ಅಂದಿತು. ಅನ್ನಲೇಬೇಕಾದ ಮಾತು. ಆದರೆ ಕೀಮೋ ಔಷಧಿಯ ಬಾಟಲಿ ತೂಗುಹಾಕಿಕೊಂಡು ಕುಳಿತು ಬಂದ ನಮ್ಮ ಓಣಿಯ ಅಕ್ಕನ ತಲೆ ನೋಡಿ ನಾವು ಆ ಮಾತು ಹೇಳಿದ್ದೇವೆಯೇ? ಕೂದಲು ಉದುರಿಸುವುದು ಔಷಧಿ, ನಾಚಿಕೆ ಕೊಡುವುದು ನಾವು. ಔಷಧಿಯ ಕೆಲಸ ಕೆಲವು ತಿಂಗಳಿಗೆ ಮುಗಿಯುತ್ತದೆ.

ಇನ್ನು ಭಾಷೆ. ಗೋವಾದ ಆಸ್ಪತ್ರೆಯಲ್ಲಿ ಓಡಾಡುವ ಮಾತು ಕೊಂಕಣಿ, ಮರಾಠಿ, ಹಿಂದಿ, ಇಂಗ್ಲಿಷ್. ನಮ್ಮ ಹೆಣ್ಣುಮಗಳ ಮೈ ಮಾತಾಡುವುದು ಕನ್ನಡದಲ್ಲಿ. "ಮೈ ಜುಮ್ಮ ಅಂತೈತಿ", "ಹೊಟ್ಟಿ ತೊಳಸ್ತೈತಿ", "ಜೀವ ಒಂಥರಾ ಆಗ್ತೈತಿ" ಅನ್ನುವುದನ್ನು ಹಿಂದಿಯಲ್ಲಿ ಹೇಗೆ ಹೇಳುವುದು? ಬಾಯಿಹುಣ್ಣಾದರೆ ಆಕೆಗೆ ಅದು ರೋಗದ ಲಕ್ಷಣ ಅಲ್ಲ, ಉಷ್ಣ. ಮಜ್ಜಿಗೆ ಕುಡಿದು ಸುಮ್ಮನಾಗುತ್ತಾಳೆ. ಹಾಗಾಗಿ ಜೊತೆಗೆ ಶಾಲೆಗೆ ಹೋಗುವ ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗುತ್ತಾರೆ, ಅವರಿಗೆ ಕೊಂಕಣಿ ಹಿಂದಿ ಬರುತ್ತದೆ. ಹನ್ನೆರಡು ವರ್ಷದ ಹುಡುಗ ಡಾಕ್ಟರಿಗೂ ಅವ್ವನಿಗೂ ನಡುವೆ ನಿಂತು ಮಾತು ದಾಟಿಸುತ್ತಾನೆ. ತನ್ನ ಮುಟ್ಟು ನಿಂತದ್ದನ್ನು, ಮೂತ್ರಕ್ಕೆ ಕೂತರೆ ಉರಿಯುವುದನ್ನು, ರಾತ್ರಿ ಒಬ್ಬಳೇ ಅಳುವುದನ್ನು ಯಾವ ತಾಯಿ ಮಗನ ಬಾಯಿಂದ ಹೇಳಿಸುತ್ತಾಳೆ? "ಏನಿಲ್ಲ ಅಂತ ಹೇಳಪಾ" ಅನ್ನುತ್ತಾಳೆ. ಡಾಕ್ಟರು ಏನೂ ಇಲ್ಲ ಅಂತ ಬರೆದುಕೊಳ್ಳುತ್ತಾರೆ. ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ಆದರೂ ನಿಜ ಆಸ್ಪತ್ರೆಯ ಮೇಜಿನ ತನಕ ಹೋಗಲಿಲ್ಲ. ಶಾಲೆಯ ಗುರುಗಳಿಗೆ ಇದು ಬೇರೆ ಕಡೆಯಿಂದ ಕಾಣುತ್ತದೆ. ಮೂರು ವಾರಕ್ಕೊಮ್ಮೆ ತಪ್ಪದೆ ಗೈರಾಗುವ ಮಗುವಿನ ಹಾಜರಿ ನೋಡಿದರೆ, ಅದರ ಹಿಂದೆ ಇಂಥದ್ದೊಂದು ಮನೆ ಇರಬಹುದು. ಆ ಮಗುವಿಗೆ ಗೈರಿನ ಕಾರಣ ಕೇಳಿ ಬೈಯುವ ಬದಲು, ಆ ತಾಯಿಯ ಜೊತೆ ಹೋಗಲು ಎರಡು ಭಾಷೆ ಬಲ್ಲ ಒಬ್ಬ ಹೆಂಗಸನ್ನು ಹುಡುಕಿಕೊಡುವುದು ಹೆಚ್ಚಿನ ಉಪಕಾರ.

ಕೂಲಿಯ ಮಾತನ್ನೂ ಮರೆಯಬಾರದು. "ದಣಿವಾಗೈತಿ ಅಂತ ಹೇಳ್ರಿ" ಅಂತ ಹೇಳಿದರೆ, "ಹೇಳಿದ್ರ ಏನಾಕ್ಕೈತ್ರಿ, ದಗದಕ್ಕ ಹೋಗದಿದ್ರ ಹೊಟ್ಟಿಗೇನು?" ಅಂತ ಆಕೆ ಕೇಳಿದರೆ ನಮ್ಮ ಹತ್ತಿರ ಉತ್ತರ ಇರಬೇಕು. ಹೇಳಿದ ಮೇಲೆ ಏನೂ ಬದಲಾಗದಿದ್ದರೆ ಯಾರು ಹೇಳುತ್ತಾರೆ? ಹಿಂದೆ ಒಂದು ಸಲ ಆಕೆ ಬಾಯಿ ಬಿಟ್ಟಿರುತ್ತಾಳೆ. ಆಗ ಸಿಕ್ಕ ಉತ್ತರಗಳು ಎಂಥವು? "ಎಲ್ಲಾರಿಗೂ ಆಗೋದ ಅದು." "ನಮ್ಮ ಅತ್ತಿಗಿಗೆ ಇದಕ್ಕಿಂತ ಜಾಸ್ತಿ ಆಗಿತ್ತು." "ಹಿಂದಿನ ಜನ್ಮದ ಕರ್ಮ, ಅನುಭವಿಸಬೇಕು." "ಧೈರ್ಯ ತಗೋ." ಈ ನಾಲ್ಕೂ ಉತ್ತರಗಳ ಅರ್ಥ ಒಂದೇ: ಮಾತು ನಿಲ್ಲಿಸು. ಧೈರ್ಯ ತಗೋ ಅನ್ನುವುದು ಕೂಡ ಎಷ್ಟೋ ಸಲ, ನಿನ್ನ ನೋವು ಕೇಳಲು ನನಗೆ ಧೈರ್ಯ ಇಲ್ಲ ಅನ್ನುವುದರ ಇನ್ನೊಂದು ರೂಪ. ಹೀಗೆ ನಾಲ್ಕು ಸಲ ಬಾಯಿ ಮುಚ್ಚಿಸಿಕೊಂಡವಳು ಐದನೆಯ ಸಲ ತಾನೇ "ಏನಿಲ್ಲ ಬಿಡ್ರಿ" ಅನ್ನುತ್ತಾಳೆ. ಅದನ್ನು ನಾವು ಸಹನೆ ಅಂತ ಕರೆದು ಹೊಗಳುತ್ತೇವೆ.

ಆಕೆಗೂ ಒಂದು ಹಕ್ಕಿದೆ ಅನ್ನುವುದನ್ನು ಇಲ್ಲಿ ಹೇಳಿಬಿಡಬೇಕು. ರಟ್ಟು ಅಂದರೆ ಡಂಗುರ ಅಲ್ಲ. ಆಕೆಯ ಎದೆಯ ಸುದ್ದಿ ನೀರಿನ ನಲ್ಲಿಯ ಹತ್ತಿರ ಚರ್ಚೆಯಾಗಬೇಕಿಲ್ಲ. ನೋಡಿಕೊಂಡು ಹೋಗಲು ಬಂದವರಿಗೆಲ್ಲ ಮೊದಲಿಂದ ಕಥೆ ಹೇಳುವ ಋಣವೂ ಆಕೆಗಿಲ್ಲ. ಯಾರಿಗೆ ಹೇಳಬೇಕು, ಯಾರಿಗೆ ಬೇಡ ಅಂತ ಆರಿಸುವುದು ಆಕೆಯ ಇಷ್ಟ. ಹೇಳಬೇಕಾದದ್ದು ಏನಾದರೂ ಮಾಡಬಲ್ಲವರಿಗೆ: ಡಾಕ್ಟರಿಗೆ, ನರ್ಸಿಗೆ, ಮನೆಯಲ್ಲಿ ಒಬ್ಬರಿಗೆ. ಆ ಒಬ್ಬರು ಗುಟ್ಟನ್ನು ಗುಟ್ಟಾಗಿಯೇ ಇಟ್ಟುಕೊಂಡು, ವ್ಯಾಧಿಯನ್ನು ಮಾತ್ರ ಸರಿಯಾದ ಜಾಗಕ್ಕೆ ತಲುಪಿಸುವವರಾಗಿರಬೇಕು. ಸಂಸಾರ ಗುಟ್ಟಾಗಿದ್ದು ವ್ಯಾಧಿ ರಟ್ಟಾಗುವುದಕ್ಕೆ ಇಂಥ ಒಬ್ಬ ನಂಬಿಕೆಯ ಮನುಷ್ಯ ಬೇಕು. ಗಾದೆಯಲ್ಲಿ ಆ ಮನುಷ್ಯನ ಹೆಸರಿಲ್ಲ, ಆದರೆ ಅವನಿಲ್ಲದೆ, ಅವಳಿಲ್ಲದೆ, ಗಾದೆ ನಡೆಯುವುದಿಲ್ಲ.

ಆ ಮನುಷ್ಯ ನೀವಾಗಬಹುದು. ಅದಕ್ಕೆ ದೊಡ್ಡ ಓದು ಬೇಕಿಲ್ಲ. "ಹೆಂಗದೀರಿ?" ಅಂತ ಕೇಳಿದರೆ "ಆರಾಮ" ಅನ್ನುವುದೇ ನಮ್ಮ ರೂಢಿ. ಅದಕ್ಕೇ ಬೇರೆ ತರ ಕೇಳಬೇಕು. ನಿನ್ನೆ ಎಷ್ಟು ರೊಟ್ಟಿ ತಿಂದ್ರಿ? ತಿಂದದ್ದು ಹೊಟ್ಟೆಯಲ್ಲಿ ನಿಂತಿತೇ? ಜಂಪರಿನ ಗುಂಡಿ ಹಾಕಿಕೊಳ್ಳಲು ಬೆರಳು ಬರುತ್ತವೆಯೇ? ರಾತ್ರಿ ಎಷ್ಟು ಹೊತ್ತಿಗೆ ಎಚ್ಚರ ಆಯಿತು? ಮೈ ಮುಟ್ಟಿ ನೋಡುವುದಲ್ಲ, ಒಂದು ಥರ್ಮಾಮೀಟರ್ ಕೊಂಡು ಮನೆಯಲ್ಲಿ ಇಟ್ಟು ಅಂಕಿ ನೋಡಬೇಕು. ಮಕ್ಕಳ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಯಲ್ಲಿ ದಿನಕ್ಕೊಂದು ಸಾಲು ಬರೆದಿಡಬೇಕು. ಔಷಧಿ ಹರಿಸಿದ್ದು ಯಾವ ತಾರೀಕು, ಜ್ವರ ಎಷ್ಟು, ವಾಂತಿ ಎಷ್ಟು ಸಲ, ಹೊಸದಾಗಿ ಏನಾಯಿತು. ಕನ್ನಡದಲ್ಲೇ ಬರೆಯಿರಿ, ಆಸ್ಪತ್ರೆಯಲ್ಲಿ ಓದಿ ಹೇಳುವವರನ್ನು ಕರೆದುಕೊಂಡು ಹೋಗಿ. ರಾತ್ರಿ ಜ್ವರ ಬಂದರೆ ಯಾರ ಗಾಡಿ, ಯಾವ ನಂಬರಿಗೆ ಫೋನ್, ಯಾವ ಆಸ್ಪತ್ರೆ ಅಂತ ಜ್ವರ ಬರುವ ಮೊದಲೇ ಮಾತಾಡಿಕೊಂಡಿರಿ. ಕಾವಲಿಲ್ಲದ ಆ ವಾರದಲ್ಲಿ ಆಕೆಯನ್ನು ತುಂಬಿದ ರೈಲಿನಲ್ಲಿ ಊರ ಜಾತ್ರೆಗೆ ಕರೆಯಬೇಡಿ, ಕೆಮ್ಮು ನೆಗಡಿ ಇಟ್ಟುಕೊಂಡು ನೋಡಲು ಹೋಗಬೇಡಿ. ಹಣ್ಣಿನ ಬುಟ್ಟಿಗಿಂತ ಎರಡು ದಿನದ ಅಡುಗೆ, ಒಂದು ಕೊಡ ನೀರು ಹೆಚ್ಚಿನದು. ಆಕೆ ಕೆಲಸ ಮಾಡುವ ಮನೆಯವರ ಹತ್ತಿರ ಹೋಗಿ, "ಈ ನಾಲ್ಕ ದಿನ ಆಕಿ ಬದ್ಲಿ ನಾ ಬರ್ತೀನ್ರಿ, ಆಕಿ ಕೆಲಸ ಆಕಿಗೇ ಇರ್ಲಿ" ಅಂತ ಒಬ್ಬ ಗೆಳತಿ ಹೇಳಿದರೆ, ನಾನು ಬರೆದ ಈ ಲೇಖನಕ್ಕಿಂತ ಅದು ದೊಡ್ಡದು.

ಇದೆಲ್ಲ ಒಂದು ದಿನದ ಮಾತಲ್ಲ. ಆರು ತಿಂಗಳು, ಎಂಟು ತಿಂಗಳು ನಡೆಯುತ್ತದೆ. ಅದೇ ದಣಿವು, ಅದೇ ವಾಕರಿಕೆ, ಅದೇ ಅಳು. ಮೊದಲ ವಾರ ಕೇಳಿಸಿಕೊಳ್ಳುವವರು ಬಹಳ, ಹತ್ತನೆಯ ವಾರ ಕಡಿಮೆ. ಕೇಳಿದ್ದನ್ನೇ ಕೇಳಬೇಕು, ಬೇಸರ ಮುಖದಲ್ಲಿ ತೋರಿಸಬಾರದು, ಉಪದೇಶ ಬಾಯಿಗೆ ಬಂದರೂ ನುಂಗಬೇಕು. ಇಷ್ಟು ದಿನ ನಾವು ತಾಳ್ಮೆ ಬೇಕಾದದ್ದು ರೋಗಿಗೆ ಅಂದುಕೊಂಡಿದ್ದೆವು. ಆಕೆಗೆ ತಾಳುವುದು ಹೇಗೂ ಇದ್ದೇ ಇದೆ, ಅದನ್ನು ಔಷಧಿಯೇ ಕಲಿಸುತ್ತದೆ. ಆ ಗುಣ ಹೆಚ್ಚು ಬೇಕಾಗಿರುವುದು ಪಕ್ಕದಲ್ಲಿ ಕುಳಿತು ಕೇಳುವವರಿಗೆ. ಮುಂದಿನ ಸಲ ಶಾಲೆಯಲ್ಲಿ "ತಾಳಿದವನು ಬಾಳಿಯಾನು" ಗಾದೆ ವಿಸ್ತರಿಸಲು ಕೊಟ್ಟಾಗ, ಗುರುಗಳು ಮಕ್ಕಳಿಗೆ ಇದನ್ನೂ ಒಂದು ಮಾತು ಹೇಳಲಿ: ಒಬ್ಬರು ತಾಳಿ ಕೇಳಿದರೆ ಇನ್ನೊಬ್ಬರು ಬಾಳುವುದೂ ಉಂಟು.